ಕೋಡಿ ಹಳ್ಳದ ಗಾಜು

ನಾನು ಸಮುದ್ರ ನೋಡಿದವಳಲ್ಲ. ಆದರೂ ತುಮಕೂರಿನ ಶಿರಾ ಗೇಟಿನ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ‘ಸಮುದ್ರದ ಗಾಜಿನ ಓಲೆ’ ಎಂದು ಬೋರ್ಡು ಬರೆಸಿ ಮಾರುತ್ತಿದ್ದರಲ್ಲ, ಆ ಗಾಜನ್ನೆಲ್ಲ ಆರಿಸಿ ಕೊಟ್ಟವಳು ನಾನು. ಅದು ಸಿಗುತ್ತಿದ್ದದ್ದು ಗುಬ್ಬಿ ಕಡೆಯ ನನ್ನ ಗಂಡನ ಊರಿನಲ್ಲಿ, ಕೆರೆ ತುಂಬಿ ಕೋಡಿ ಬಿದ್ದಾಗ ನೀರು ಹರಿದುಹೋಗುವ ಹಳ್ಳದಲ್ಲಿ. ಅಂಗಡಿಗೆ ಬರುವ ಗಿರಾಕಿಗಳಲ್ಲೂ ಸಮುದ್ರದ ಮುಖ ಕಂಡವರು ಕಡಿಮೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಹಳ್ಳಕ್ಕೆ ಅಷ್ಟು ಗಾಜು ಎಲ್ಲಿಂದ ಬಂತು? ಕೆರೆ ಏರಿಯ ಮೇಲೆ ಹಿಂದೆ ಒಂದು ಹೆಂಡದಂಗಡಿ ಇತ್ತಂತೆ. ಕುಡಿದವರು ಬಾಟಲಿಯನ್ನು ಕಲ್ಲಿಗೆ ಅಪ್ಪಳಿಸಿ ತಮ್ಮ ಗಂಡಸುತನ ತೋರಿಸಿ ಮನೆಗೆ ಹೋಗುತ್ತಿದ್ದರು. ಸೋಡಾ ಬಾಟಲಿ, ಔಷಧಿ ಬಾಟಲಿ ಎಲ್ಲ ಅಲ್ಲೇ ಬೀಳುತ್ತಿದ್ದವು. ಇದು ಅರ್ಧ ಪಾಲು. ಉಳಿದ ಅರ್ಧ ಬಳೆ.

ನಮ್ಮೂರಿನಲ್ಲಿ ಗಂಡ ಸತ್ತವಳನ್ನು ತಿಥಿಯ ದಿನ ಬೆಳಗಿನ ಜಾವ ಕೋಡಿಯ ಪಕ್ಕದ ಹಾಸುಬಂಡೆಯ ಮೇಲೆ ಕೂರಿಸುತ್ತಾರೆ. ಮುಡಿ ತುಂಬ ಹೂವು, ಕೆನ್ನೆ ತುಂಬ ಅರಿಶಿನ, ಮೊಣಕೈವರೆಗೂ ಬಳೆ. ಮದುವೆಯ ದಿನ ಕೂಡ ಅಷ್ಟು ಅಲಂಕಾರ ಮಾಡಿರುವುದಿಲ್ಲ. ಆಮೇಲೆ ಮೊದಲೇ ಗಂಡನನ್ನು ಕಳೆದುಕೊಂಡ ಇನ್ನೊಬ್ಬಳು ಬಂದು ಗುಂಡುಕಲ್ಲಿನಿಂದ ಬಳೆ ಒಡೆಯುತ್ತಾಳೆ. ಚೂರನ್ನು ಮನೆಗೆ ತರುವಂತಿಲ್ಲ, ಬಂಡೆಯ ಮೇಲೆ ಬಿಡುವಂತೆಯೂ ಇಲ್ಲ. ಯಾವಳಾದರೂ ಮುತ್ತೈದೆ ತುಳಿದುಬಿಟ್ಟರೆ ಎಂಬ ಭಯ. ಎಲ್ಲವನ್ನೂ ಗುಡಿಸಿ ನೀರಿಗೆ ತಳ್ಳಿ, ಹಿಂದಿರುಗಿ ನೋಡದೆ ಬರುತ್ತಾರೆ. ಎಷ್ಟೋ ತಲೆಮಾರಿನ ಹೆಂಗಸರ ಕೈಬಳೆ ಆ ಮರಳಿನಲ್ಲಿ ಉರುಳುತ್ತಿತ್ತು.

ನನ್ನ ಬಳೆಯೂ ಅಲ್ಲಿಗೇ ಹೋಯಿತು. ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಗಂಡ ತೋಟದ ಪಂಪ್‌ಸೆಟ್ಟಿನಲ್ಲಿ ಕರೆಂಟು ಹೊಡೆದು ಸತ್ತ. ಮಗಳು ಆಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ತಿಥಿಯ ಹಿಂದಿನ ದಿನ ಬಳೆಗಾರನನ್ನು ಕರೆಸಿ ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ನನ್ನ ಅತ್ತೆಯೂ ಮಗನನ್ನು ಕಳೆದುಕೊಂಡ ಹೆಂಗಸು, ದುಃಖ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅವಳ ದುಃಖಕ್ಕೆ ಹಲ್ಲು ಇತ್ತು.

“ಇನ್ನೊಂದ್ ಡಜನ್ ಇಕ್ಕಪ್ಪ,” ಅಂದಳು ಬಳೆಗಾರನಿಗೆ. “ಕೈ ಖಾಲಿ ಕಾಣ್ತದೆ. ಇನ್ ಯಾವತ್ ಇಕ್ಕೊತಾಳೆ ಇವ್ಳು?”

ಬಳೆಗಾರ ತಲೆ ತಗ್ಗಿಸಿಕೊಂಡು ಇಕ್ಕಿದ. ಮಾರನೆಯ ದಿನ ಅವನು ಇಕ್ಕಿದ್ದನ್ನೆಲ್ಲ ಅತ್ತೆಯ ಅಕ್ಕ, ಬೋಳು ಹಣೆಯ ಮುದುಕಿ, ಲಟಲಟ ಒಡೆದು ಮುಗಿಸಿದಳು. ಒಂದು ಚೂರು ಮಣಿಕಟ್ಟಿಗೆ ಚುಚ್ಚಿ ರಕ್ತ ಬಂದಾಗ “ಬಿಗಿಯಾಗಿ ಇಕ್ಕಿಸ್ಕೊಂಡವ್ಳೆ, ಅದ್ಕೇ” ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದಳು.

ಆಮೇಲಿನ ಜೀವನ ಹೇಗಿತ್ತೆಂದರೆ, ಕೊಟ್ಟಿಗೆಗೆ ನಾನು ಬೇಕು, ಕೊಬ್ಬರಿ ಸುಲಿಯಲು ನಾನು ಬೇಕು, ರಾಗಿ ಬೀಸಲು ಗಿರಣಿಗೆ ಹೊತ್ತುಕೊಂಡು ಹೋಗಲು ನಾನು ಬೇಕು. ಮನೆಯಿಂದ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಮಾತ್ರ ನಾನು ಬಾಗಿಲ ಹಿಂದೆ ಇರಬೇಕು. ಒಮ್ಮೆ ಮೈದುನ ಹೆಣ್ಣು ನೋಡಲು ಹೊರಟಾಗ ಕೊಡ ಹಿಡಿದು ಎದುರಿಗೆ ಬಂದುಬಿಟ್ಟೆ. ಅತ್ತೆ ಅವನನ್ನು ವಾಪಸ್ಸು ಕರೆದು ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸಿದಳು. ಅವತ್ತಿಡೀ ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ. ನಾನೂ ಹೋಗಲಿಲ್ಲ, ನನಗೂ ಹಟ ಇತ್ತು.

ಬಟ್ಟೆ ಒಗೆಯಲು ಮಾತ್ರ ಕೋಡಿ ಹಳ್ಳಕ್ಕೆ ಒಬ್ಬಳೇ ಹೋಗುತ್ತಿದ್ದೆ. ಆ ಜಾಗಕ್ಕೆ ಬೇರೆ ಹೆಂಗಸರು ಬರುತ್ತಿರಲಿಲ್ಲ, ಕಾರಣ ಗೊತ್ತೇ ಇದೆ. ನೀರು ಇಳಿದಾಗ ಮರಳಿನ ಮೇಲೆ ಗಾಜು ಕಾಣುತ್ತಿತ್ತು. ಹೊಸ ಚೂರಿಗೆ ಹೊಳಪು ಜಾಸ್ತಿ, ಅಂಚು ಕೈ ಕುಯ್ಯುತ್ತದೆ. ಹಳೆಯದು ಬೇರೆ. ವರ್ಷಗಟ್ಟಲೆ ಮರಳಿನಲ್ಲಿ ಉರುಳಿ ಅಂಚೆಲ್ಲ ಸವೆದು, ಮೈ ಮಂಕಾಗಿ ಕಲ್ಲುಸಕ್ಕರೆಯ ಹಾಗೆ ಆಗಿರುತ್ತದೆ. ಬಿಸಿಲಿಗೆ ಹಿಡಿದರೆ ಒಳಗಿನಿಂದ ಬಣ್ಣ ಬರುತ್ತದೆ. ಬಾಟಲಿ ಚೂರು ಚಪ್ಪಟೆ, ಬಳೆ ಚೂರಿಗೆ ಸಣ್ಣ ಬಾಗು. ಒಂದು ಸಾರಿ ತಿಳಿದುಕೊಂಡರೆ ಕಣ್ಣು ಮುಚ್ಚಿಕೊಂಡು ಹೇಳಬಹುದು.

ಸುಮ್ಮನೆ ಚೆಂದಕ್ಕೆ ಆರಿಸಿದೆ, ಅಷ್ಟೇ. ಸೆರಗಿನ ತುದಿಗೆ ಕಟ್ಟಿಕೊಂಡು ತಂದು ಕೊಟ್ಟಿಗೆಯ ಗೂಡಿನಲ್ಲಿ ಒಂದು ಡಬ್ಬಕ್ಕೆ ಹಾಕುತ್ತಿದ್ದೆ. ಅದನ್ನು ಮಾರಬಹುದು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಮಗಳಿಗೆ ಕಿವಿ ಸೋರುತ್ತಿತ್ತೆಂದು ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ವಾಪಸ್ಸು ಬರುವಾಗ ರಿಬ್ಬನ್ನು ಕೊಳ್ಳಲು ಶಿರಾ ಗೇಟಿನ ಆ ಅಂಗಡಿಗೆ ಹೋದೆವು. ಮಗಳ ಮುಷ್ಟಿಯಲ್ಲಿ ಡಬ್ಬದಿಂದ ಕದ್ದುಕೊಂಡು ಬಂದ ಒಂದು ಹಸಿರು ತುಂಡು ಇತ್ತು. ಅಂಗಡಿಯ ಒಡತಿ ಅದನ್ನು ನೋಡಿ ಕಣ್ಣರಳಿಸಿದಳು. ಒಳ್ಳೆಯ ಸೀರೆ ಉಟ್ಟ, ಮಾತಿಗೆ ಮುಂಚೆ ನಗುವ ಹೆಂಗಸು. ಗಂಡ ಬ್ಯಾಂಕಿನಲ್ಲಿದ್ದರು.

“ಇದು ಸೀ ಗ್ಲಾಸ್ ಅಲ್ವೇನಮ್ಮ? ಮಲ್ಪೆ ಬೀಚಲ್ಲಿ ಇಂಥದ್ದೇ ನೋಡಿದ್ದೆ ನಾನು. ನಿಮಗೆಲ್ಲಿ ಸಿಗ್ತು?”

“ನೀರಲ್ಲಿ ಸಿಕ್ತು ಮೇಡಂ,” ಅಂದೆ. ಸುಳ್ಳಂತೂ ಅಲ್ಲ.

“ಇನ್ನೂ ಇದ್ರೆ ತನ್ನಿ. ನಾನು ತಗೋತೀನಿ.”

ಅವಳು ಎರಡನೇ ಸಾರಿ ಎಲ್ಲಿಂದ ಅಂತ ಕೇಳಲಿಲ್ಲ. ಮಾರುವವರಿಗೆ ಎಷ್ಟು ತಿಳಿಯಬೇಕೋ ಅಷ್ಟೇ ತಿಳಿದುಕೊಳ್ಳುವ ಜಾಣತನ ಅವಳಿಗೆ ಇತ್ತು. ತಾಮ್ರದ ತಂತಿ ಸುತ್ತಿ ಓಲೆ ಮಾಡಿಸಿದಳು, ಬೋರ್ಡು ಬರೆಸಿದಳು, ಸಮುದ್ರವನ್ನು ಶಿರಾ ಗೇಟಿಗೆ ತಂದಳು.

ನಾನು ಕೆಲಸ ಕಲಿತೆ. ಬಣ್ಣ ಬಣ್ಣ ಬೇರೆ ಮಾಡುವುದು, ಜೋಡಿ ಹುಡುಕುವುದು, ಪ್ರತಿ ತುಂಡಿನ ಅಂಚಿಗೆ ಹೆಬ್ಬೆರಳು ಓಡಿಸಿ ನೋಡುವುದು. ಹೆಬ್ಬೆರಳಿಗೆ ಸ್ವಲ್ಪ ತಡೆದರೂ ಅದು ಇನ್ನೂ ಕಾಯಿ. ಕಾಯನ್ನು ಹಳ್ಳಕ್ಕೇ ವಾಪಸ್ಸು ಎಸೆಯಬೇಕು. ಉಪ್ಪುಕಾಗದದಲ್ಲಿ ಉಜ್ಜಿ ಹಣ್ಣು ಮಾಡಲು ನೋಡಿದೆ, ಒಡತಿ ಕೈಯಲ್ಲಿ ಹಿಡಿದ ಕೂಡಲೇ ಕಂಡುಹಿಡಿದಳು. ಅಂಗಡಿಯಲ್ಲಿ ಹೆಚ್ಚು ಓಡುತ್ತಿದ್ದದ್ದು ಹಸಿರು. ಮದುವೆ ಹೆಣ್ಣಿಗೆ ಹಸಿರು ಬೇಕು. ಹಸಿರಿನಲ್ಲಿ ಚೆಂದದ್ದೆಲ್ಲ ಸಣ್ಣ ಬಾಗು ಇದ್ದದ್ದು, ಅಂದರೆ ಬಳೆಯದು.

ಈ ವ್ಯಾಪಾರ ಒಂದು ಹದಕ್ಕೆ ಬಂದಾಗ ಮಗಳನ್ನು ಕರೆದುಕೊಂಡು ತುಮಕೂರಿಗೆ ಹೋಗಿ ಇರುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ನನ್ನ ತೌರುಮನೆ ಕುಣಿಗಲ್ ಕಡೆ. ಅಲ್ಲಿಗೆ ಹೋಗುತ್ತೇನೆ ಅಂದಿದ್ದರೆ ಯಾರೂ ತಡೆಯುತ್ತಿರಲಿಲ್ಲ, ಅತ್ತಿಗೆಯ ಕೈಯಲ್ಲಿ ಸಾಯಲಿ ಅಂತ ಬಿಡುತ್ತಿದ್ದರು. ಪೇಟೆ ಅಂದದ್ದಕ್ಕೆ ರಂಪ ಆಯಿತು.

“ನೀನ್ ಎಲ್ಲಾರ ಹೋಗು,” ಅಂದಳು ಅತ್ತೆ. “ಮಗು ನಮ್ಮನೇದು. ಅದು ನನ್ ಮಗನ್ ರಕ್ತ.”

“ಹೆತ್ತೋಳು ನಾನಲ್ವಾ ಅತ್ತೆ?”

“ಹೆತ್ತೆ. ಗಂಡನ್ನ ಉಳಿಸ್ಕೊಂಡ್ಯಾ?”

ಆಗ ಮಾವ ನಡುವೆ ಬಾಯಿ ಹಾಕಿದರು. ಮಾತು ಕಡಿಮೆಯ ಮನುಷ್ಯ, ಆಡಿದರೆ ಮುಗಿಯಿತು.

“ಕರ್ಕೊಂಡ್ ಹೋಗಮ್ಮ. ಓದ್ಸು. ಆದ್ರೆ ಒಂದ್ ಮಾತು. ನಿನ್ ಹೆಸ್ರು ಊರೋರ್ ಬಾಯಿಗೆ ಬಿತ್ತು ಅಂದ್ರೆ, ಆವತ್ತೇ ಮಗು ಇಲ್ಲಿಗೆ ವಾಪಸ್. ಆಮೇಲೆ ಅತ್ಕೊಂಡ್ ಬಂದ್ರೂ ಕಳ್ಸಲ್ಲ.”

ಒಪ್ಪಿಕೊಂಡೆ. ಹೆಸರು ಬಾಯಿಗೆ ಬೀಳುವುದು ಅಂದರೆ ಗಂಡಸರ ವಿಚಾರ ಅಂತ ಮಾವ ಅಂದುಕೊಂಡಿದ್ದರು. ಬೀಳುವಂಥದ್ದು ನನ್ನ ಚೀಲದಲ್ಲಿದೆ ಅಂತ ನನಗೆ ಮಾತ್ರ ಗೊತ್ತಿತ್ತು. ಈ ಗಾಜು ಯಾರ ಕೈಯಿಂದ ಬಿದ್ದದ್ದು ಎಂದು ಗೊತ್ತಾದರೆ ಅಂಗಡಿಯೂ ಇಲ್ಲ, ಮಗಳೂ ಇಲ್ಲ. ಅದಕ್ಕೇ ಮಗಳಿಗೂ ಹೇಳಲಿಲ್ಲ. ಅವಳು ಕೇಳಿದಾಗಲೆಲ್ಲ ಸೋಡಾ ಬಾಟಲಿ ಕಣೇ ಎನ್ನುತ್ತಿದ್ದೆ.

ತುಮಕೂರಿನಲ್ಲಿ ಒಂದು ರೂಮು ಹಿಡಿದು, ಶೀಟಿನ ಸೂರಿನ ಕೆಳಗೆ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ಮಳೆ ನಿಂತು ಹಳ್ಳದ ನೀರು ಇಳಿಯುವ ಕಾಲಕ್ಕೆ ನಾನು ಊರಿಗೆ ಹೋಗಿ ಚೀಲ ತುಂಬಿಕೊಂಡು ಬರುತ್ತಿದ್ದೆ. ಬೇಸಿಗೆ ರಜ, ದಸರಾ ರಜ ಬಂದರೆ ಮಗಳು ಅಜ್ಜಿಯ ಮನೆಗೆ ಓಡುತ್ತಿದ್ದಳು. ನನಗೆ ಆ ಮನೆ ಹೇಗೇ ಇರಲಿ, ಅವಳಿಗೆ ಅಲ್ಲಿ ರಾಜಮರ್ಯಾದೆ. ಎಳನೀರು ಕೆತ್ತಿಕೊಡುವುದೇನು, ತಲೆಗೆ ಎಣ್ಣೆ ಹಚ್ಚಿ ಎರೆಯುವುದೇನು. ವಾಪಸ್ಸು ಬಂದವಳು ವಾರಗಟ್ಟಲೆ ಅಜ್ಜಿ ಹಂಗಂದ್ಲು ಹಿಂಗಂದ್ಲು ಅಂತ ನನ್ನ ತಲೆ ತಿನ್ನುತ್ತಿದ್ದಳು. ನನ್ನ ಹೊಟ್ಟೆ ಉರಿಯುತ್ತಿತ್ತು.

ನಾನು ಆ ವರ್ಷಗಳಲ್ಲಿ ಎಷ್ಟು ಖುಷಿಪಟ್ಟೆ ಎಂಬುದನ್ನೂ ಹೇಳಿಬಿಡುತ್ತೇನೆ. ಕೆಲವು ಸಲ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಗಿರಾಕಿಗಳನ್ನು ನೋಡುತ್ತಿದ್ದೆ. ಬರಿ ಹಣೆಯ ನನ್ನನ್ನು ಕಂಡು ಮುಖ ತಿರುಗಿಸಿಕೊಂಡು ಒಳಗೆ ಬಂದವರೇ ಕನ್ನಡಿಯ ಮುಂದೆ ನಿಂತು ಆ ಹಸಿರನ್ನು ಕಿವಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ಮಗಳ ಮದುವೆಗೆಂದು ಹತ್ತಿರದ ಕೋರ ಎಂಬ ಹಳ್ಳಿಯಿಂದ ಬಂದಿದ್ದ ಒಬ್ಬಾಕೆ ನನ್ನನ್ನು ಸ್ವಲ್ಪ ಆಚೆ ಹೋಗಿ ನಿಂತುಕೊಳ್ಳಲು ಹೇಳಿದಳು, ಶುಭಕಾರ್ಯಕ್ಕೆ ಸಾಮಾನು ತಗೊಳ್ತಿದೀವಿ ಅಂತ. ಹೋಗಿ ಆಚೆ ನಿಂತೆ. ನಮ್ಮಂಥವರ ಕೈಯಿಂದ ಬಿದ್ದ ಬಳೆಯನ್ನೇ ಅವಳು ಜೋಪಾನವಾಗಿ ಡಬ್ಬಿಯಲ್ಲಿ ಹಾಕಿಸಿಕೊಂಡು ಹೋದಳು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಅವಳ ಮಗಳಿಗೆ ಏನೂ ಆಗಲಿಲ್ಲ, ಮೊಮ್ಮಗುವನ್ನು ಎತ್ತಿಕೊಂಡು ಮತ್ತೆ ಬಂದಿದ್ದಳು. ಗಾಜಿಗೆ ಏನು ಗೊತ್ತು?

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಕ್ಕೆ ಮಾವ ತೀರಿಕೊಂಡರು. ಮಗಳು ಆಗ ಹೈಸ್ಕೂಲಿನ ಕೊನೆಯ ವರ್ಷ. ಮೈದುನನಿಗೆ ಮದುವೆಯಾಗಿ ಅವನು ಹೆಂಡತಿಯ ಜೊತೆ ಬೇರೆ ಮನೆ ಮಾಡಿದ್ದ. ದೊಡ್ಡ ಮನೆಯಲ್ಲಿ ಅತ್ತೆ ಒಬ್ಬಳೇ ಉಳಿದಳು. ತಿಥಿಗೆ ಬಳೆ ಒಡೆಯುವವರು ಯಾರು ಎಂದು ಮಾತು ಬಂತು. ಅತ್ತೆಯ ಅಕ್ಕ ಸತ್ತು ಎಷ್ಟೋ ಕಾಲ ಆಗಿತ್ತು. ಯಾವುದೋ ದೂರದ ಸಂಬಂಧದ ಮುದುಕಿಯನ್ನು ಕರೆಸೋಣ ಎಂದು ಹೆಂಗಸರು ಅಂದರು. ಅತ್ತೆ ಕೇಳಲಿಲ್ಲ.

“ಮನೇಲಿ ಸೊಸೆ ಇಲ್ವಾ? ಅವ್ಳೇ ಒಡೀಲಿ ಬುಡಿ.”

ನನಗೆ ಒಳಗೊಳಗೇ ಹಿಗ್ಗಾಯಿತು. ಮಾವನ ಸಾವಿಗೆ ಅತ್ತವಳು ನಾನು, ನಿಜವಾಗಿ ಅತ್ತಿದ್ದೆ. ಆದರೆ ಅತ್ತೆಯ ಬಳೆಗೆ ಕಲ್ಲು ಹಾಕುವ ಕೆಲಸವನ್ನು ಯಾರಾದರೂ ಕಿತ್ತುಕೊಂಡಿದ್ದರೆ ಬಿಡುತ್ತಿರಲಿಲ್ಲ. ಹಿಂದಿನ ದಿನ ಬಳೆಗಾರ ಬಂದಾಗ, “ಇನ್ನೊಂದ್ ಡಜನ್ ಇಕ್ಕಿ,” ಎಂದು ಹಿಂದಿನಿಂದ ಹೇಳಿದವಳು ನಾನೇ. ಅತ್ತೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ಬೆಳಿಗ್ಗೆ ಕೋಡಿಗೆ ಹೊರಟೆವು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಪದ್ಧತಿ ಇಲ್ಲ. ಆದರೆ ಅತ್ತೆ ನನ್ನ ಮಗಳ ಕೈ ಹಿಡಿದುಕೊಂಡುಬಿಟ್ಟಿದ್ದಳು, ನನಗೆ ಕಾಲು ನಡುಗ್ತದೆ, ಇವ್ಳು ಇರ್ಲಿ ಅಂತ. ಮುದುಕಿಯ ಮಾತಿಗೆ ಅವತ್ತು ಯಾರು ಎದುರಾಡುತ್ತಾರೆ? ಜೊತೆಗೆ ಬಂದವರಲ್ಲಿ ನಾಲ್ಕಾರು ಜನ ನೆಂಟರಲ್ಲೇ ಇದ್ದ ವಿಧವೆಯರು, ಇನ್ನೂ ಕೆಲವರು ದೂರದಲ್ಲಿ ನಿಂತುಕೊಂಡ ಮುತ್ತೈದೆಯರು. ಮಗಳು ಅಜ್ಜಿಯ ಪಕ್ಕದಲ್ಲಿ ಅಳುತ್ತ ನಿಂತಿದ್ದಳು.

ಅತ್ತೆಯನ್ನು ಬಂಡೆಯ ಮೇಲೆ ಕೂರಿಸಿ ಒಂದೊಂದೇ ಕೈಯನ್ನು ಕಲ್ಲಿನ ಮೇಲೆ ಇಟ್ಟು ಒಡೆದೆ. ಚರ್ಮ ಸಡಿಲವಾದ, ಕೆಲಸ ಮಾಡಿ ಮಾಡಿ ಗಂಟುಬಿದ್ದ ಕೈ. ನನ್ನ ಹಾಗೆ ಅವಳಿಗೆ ಗಾಯ ಆಗಬಾರದೆಂದು ನಾನೇನೂ ಜೋಪಾನ ಮಾಡಲಿಲ್ಲ, ಆದರೂ ಗಾಯ ಆಗಲಿಲ್ಲ. ಅವಳು ಕಣ್ಣು ಮುಚ್ಚಲೂ ಇಲ್ಲ, ಅಳಲೂ ಇಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು.

ಒಡೆದು ಮುಗಿಯಿತು. ಇನ್ನು ಪೊರಕೆಯಿಂದ ಗುಡಿಸಿ ನೀರಿಗೆ ತಳ್ಳಬೇಕು. ಅಲ್ಲಿ ನನ್ನ ಕೈ ನನಗೆ ಮೋಸ ಮಾಡಿತು. ಒಳ್ಳೆಯ ದಪ್ಪ ಗಾಜಿನ ಬಳೆ ಅವು, ಬಳೆಗಾರ ಕೆಂಪು, ಹಸಿರು ಎರಡೂ ತಂದಿದ್ದ. ನಾನು ಏನು ಮಾಡುತ್ತಿದ್ದೇನೆ ಎಂಬುದೇ ನನಗೆ ತಿಳಿಯಲಿಲ್ಲ. ಉದ್ದನೆಯ ತುಂಡುಗಳನ್ನು ಎತ್ತಿ ಪಕ್ಕಕ್ಕೆ ಇಡುತ್ತಿದ್ದೆ. ಕೆಂಪನ್ನು ಹಸಿರಿನಿಂದ ಬೇರೆ ಮಾಡಿ, ಒಂದೊಂದರ ಅಂಚಿಗೂ ಹೆಬ್ಬೆರಳು ಓಡಿಸಿ ನೋಡುತ್ತಿದ್ದೆ. ಬೆರಳು ಕುಯ್ದು ರಕ್ತ ಬಂದಾಗಲೇ ಎಚ್ಚರವಾದದ್ದು. ತಲೆ ಎತ್ತಿದರೆ ಹೆಂಗಸರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

“ಆರಿಸ್ಕೊ, ಆರಿಸ್ಕೊ,” ಅಂದಳು ಅತ್ತೆ. ದನಿಯಲ್ಲಿ ಒಂದಿಷ್ಟೂ ನಡುಕ ಇರಲಿಲ್ಲ. “ನಾಚ್ಕೆ ಯಾಕೆ? ಇನ್ನೊಂದಷ್ಟ್ ವರ್ಷ ಹೋದ್ರೆ ಇದೂ ಹಣ್ಣಾಯ್ತದೆ. ಶಿರಾ ಗೇಟಿಗೆ ತಗೊಂಡ್ ಹೋಗ್ಬೋದು.”

“ಏನ್ ಹಂಗಂದ್ರೆ?” ಎಂದಳು ಒಬ್ಬಳು.

“ಗೊತ್ತಿಲ್ವಾ ನಿಮ್ಗೆ? ಈ ಹಳ್ಳದಲ್ ಬಿದ್ದ ಬಳೆ ಚೂರ್ನ ಆಯ್ದು ನನ್ ಸೊಸೆ ತುಮ್ಕೂರಲ್ಲಿ ಮಾರ್ತಾಳೆ. ನಿಮ್ಮವ್ವಂದು, ನಮ್ಮಕ್ಕಂದು, ಇವ್ಳ್ದೂನೂ ಅದ್ರಲ್ಲೇ ಅದೆ. ಮದ್ವೆ ಹೆಣ್ಮಕ್ಳು ಕಿವೀಗ್ ಇಕ್ಕೊತಾರಂತೆ.”

ದೂರದಲ್ಲಿ ನಿಂತಿದ್ದ ಮುತ್ತೈದೆಯರಲ್ಲಿ ಒಬ್ಬಳ ಕೈ ತಟ್ಟನೆ ಕಿವಿಗೆ ಹೋಯಿತು. ನಾದಿನಿಯ ಮಗಳು ಅವಳು, ಆ ವರ್ಷವೇ ಮದುವೆಯಾಗಿತ್ತು. ಓಲೆಯನ್ನು ಕಿತ್ತ ರಭಸಕ್ಕೆ ಕಿವಿ ಹರಿಯುತ್ತೇನೋ ಅನ್ನಿಸಿತು. ಯಾರೋ ಥೂ ಅಂದರು. ಯಾರೋ “ಇವ್ಳ್ ವ್ಯಾಪಾರ ನಡೀಬೇಕು ಅಂದ್ರೆ ನಮ್ ಗಂಡಂದ್ರು ಸಾಯ್ಬೇಕಾ?” ಎಂದು ಕಿರುಚಿದರು. ಅವರ ಯಾರ ಮಾತೂ ನನಗೆ ತಾಗಲಿಲ್ಲ, ನಾನು ನೋಡುತ್ತಿದ್ದದ್ದು ನನ್ನ ಮಗಳನ್ನು. ಅವಳ ಅಳು ನಿಂತುಹೋಗಿತ್ತು.

“ಸೋಡಾ ಬಾಟ್ಲಿ ಅಂದಿದ್ದೆ ನೀನು,” ಅಂದಳು.

“ಅದೂ ಇರುತ್ತೆ ಕಣೇ.”

“ನನ್ ಫ್ರೆಂಡ್ ಅಕ್ಕನ್ ಮದ್ವೇಗೆ ಅಂತ ನಿನ್ ಹತ್ರಾನೇ ಜೋಡಿ ಆರಿಸ್ಕೊಂಡ್ ಹೋಗಿ ಕೊಟ್ಟೆ. ಆವಾಗ್ಲೂ ಹೇಳ್ಲಿಲ್ಲ. ಈಗ ಅವ್ಳಿಗೇನು ಹೇಳ್ಲಿ ಅಮ್ಮ?”

“ಏನೂ ಹೇಳ್ಬೇಡ. ಗಾಜು ಅದು. ಬರೀ ಗಾಜು.”

“ಹಂಗಾದ್ರೆ ನಂಗ್ಯಾಕೆ ಸುಳ್ಳು ಹೇಳ್ದೆ?”

ನಿನ್ನನ್ನು ಉಳಿಸಿಕೊಳ್ಳಲು ಎಂಬ ಮಾತನ್ನು ಆ ಹೆಂಗಸರ ಮುಂದೆ ಆಡುವಂತಿರಲಿಲ್ಲ. ಅವಳು ಅಜ್ಜಿಯ ಖಾಲಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಎಬ್ಬಿಸಿಕೊಂಡು ಹೊರಟಳು. ಚೂರುಗಳನ್ನು ನಾನೇ ಗುಡಿಸಿ ನೀರಿಗೆ ತಳ್ಳಿದೆ. ಸಹಾಯಕ್ಕೆ ಯಾರೂ ನಿಲ್ಲಲಿಲ್ಲ.

ಮಧ್ಯಾಹ್ನ ಎಡೆ ಇಟ್ಟು ಊಟ ಮುಗಿದ ಮೇಲೆ ಬಸ್ಸಿಗೆ ಹೊತ್ತಾಯಿತು ಬಾ ಎಂದು ಮಗಳನ್ನು ಕರೆದೆ. ಅವಳು ಒಳಮನೆಯ ಕಂಬಕ್ಕೆ ಒರಗಿ ಕೂತಿದ್ದಳು.

“ನಾನು ಬರಲ್ಲ. ಇಲ್ಲಿಂದಾನೇ ಗುಬ್ಬಿಗೆ ಸ್ಕೂಲಿಗೆ ಹೋಗ್ತೀನಿ. ಅಜ್ಜಿ ಒಬ್ರೇ ಇದಾರೆ.”

“ನಾನೂ ಒಬ್ಳೇ ಕಣೇ.”

“ನಿಂಗೆ ನಿನ್ ಗಾಜಿದ್ಯಲ್ಲ,” ಅಂದಳು. ಹದಿಹರೆಯದ ಹುಡುಗಿಗೆ ಅಷ್ಟು ಒಳ್ಳೆಯ ಚಾಕು ಎಲ್ಲಿ ಸಿಕ್ಕಿತೋ. ಎರಡೂ ಕಡೆಯಿಂದ ಬಂದಿರಬೇಕು, ನನ್ನಿಂದಲೂ ಅಜ್ಜಿಯಿಂದಲೂ.

ಮೈದುನ ನನ್ನ ಮುಖ ನೋಡದೆ, ಅವಳ ಬಟ್ಟೆ ಪುಸ್ತಕ ತರಲು ನಾಳೆ ಬರುತ್ತೇನೆ ಅಂದ. ಅಪ್ಪನ ಮಾತು ಅವನಿಗೂ ನೆನಪಿತ್ತು. ನಾನು ಕೂಗಾಡಲಿಲ್ಲ. ಕೂಗಾಡಿ ಎಳೆದುಕೊಂಡು ಹೋಗಬಹುದಾಗಿತ್ತು, ಬಸ್ ಸ್ಟ್ಯಾಂಡಿನವರೆಗೆ. ಆಮೇಲೆ?

ಹಿತ್ತಲಲ್ಲಿ ಅತ್ತೆ ಒಬ್ಬಳೇ ಕೂತು ಕಾಲು ತೊಳೆದುಕೊಳ್ಳುತ್ತಿದ್ದಳು. ಬರಿ ಹಣೆಯಲ್ಲಿ ಅವಳು ನನ್ನ ಅಕ್ಕನೋ ತಂಗಿಯೋ ಎಂಬಂತೆ ಕಂಡಳು. ಹೊರಡುವ ಮುಂಚೆ ಒಂದೇ ಮಾತು ಕೇಳಿದೆ, ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ ಅಂತ.

“ಮೊದಲ್ನೇ ಸತೀನೇ. ಕೊಟ್ಟಿಗೆ ಗೂಡಲ್ ಡಬ್ಬ ಇಕ್ತಿದ್ದಲ್ಲ, ಆವತ್ತೇ. ಶಿರಾ ಗೇಟಿನ್ ವಿಷ್ಯ ರಜಕ್ ಬಂದಾಗ ಮಗೂನೇ ಹೇಳ್ತು.”

“ಮತ್ಯಾಕೆ ಇಷ್ಟ್ ವರ್ಷ ಸುಮ್ನಿದ್ರಿ? ಆವತ್ತೇ ಹೇಳಿದ್ರೆ ಆವತ್ತೇ ಮಗೂನ ಕಿತ್ಕೋಬೋದಿತ್ತಲ್ಲ.”

ಅತ್ತೆ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದಳು.

“ಕಿತ್ಕೊಂಡಿದ್ರೆ ಅಮ್ಮ ಅಮ್ಮ ಅಂತ ಅತ್ಕೊಂಡ್ ಇರ್ತಿತ್ತು ಕಣಮ್ಮಿ. ದೊಡ್ಡೋಳಾಗಿ ತಾನಾಗೇ ಬುಟ್ಟು ಬರ್ಲಿ ಅಂತ ಕಾದೆ.”